ಸರ್ಟಿಫಿಕೇಟ್ ಇದ್ದರೆ ಸಾಕಾ? ಸಹಿ, ಚಿತ್ರ ಕೊಳ್ಳುವ ಮುಂಚೆ

ಪ್ರಶ್ನೆ: ನಮಸ್ಕಾರ ಸರ್. ನಾನು ಶಿವಮೊಗ್ಗದವನು, ಬ್ಯಾಂಕಿನಲ್ಲಿ ಕೆಲಸ. ಹಳೆಯ ವಸ್ತು ಕೂಡಿಡುವ ಆಸೆ ಈಚೆಗೆ ಶುರುವಾಗಿದೆ. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಎರಡು ವಸ್ತು ನೋಡಿದ್ದೇನೆ. ಒಂದು, ಆಸ್ಟ್ರೇಲಿಯಾದ ಕ್ರಿಕೆಟಿಗ ಡಾನ್ ಬ್ರಾಡ್‌ಮನ್ ಸಹಿ ಇರುವ ಕಪ್ಪು ಬಿಳುಪು ಫೋಟೋ. ಬೆಲೆ 22,000 ರೂಪಾಯಿ. 1948ರಲ್ಲಿ ಬೊಂಬಾಯಿ ಟೆಸ್ಟ್ ವೇಳೆ ತಮ್ಮ ತಾತ ಸ್ಟೇಡಿಯಂನಲ್ಲೇ ಹಾಕಿಸಿಕೊಂಡ ಸಹಿ ಅಂತ ಹೇಳುತ್ತಾರೆ. ಸಹಿ ದಪ್ಪ ಕಪ್ಪು ಮಾರ್ಕರ್‌ನಲ್ಲಿ ಬರೆದ ಹಾಗಿದೆ. ಇನ್ನೊಂದು ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರ, 1.4 ಲಕ್ಷ. ಎರಡಕ್ಕೂ ಸೀಲು, ನಂಬರು, ಹೊಳೆಯುವ ಸ್ಟಿಕರ್ ಇರುವ ಸರ್ಟಿಫಿಕೇಟ್ ಇದೆ. ‘ಜೀವಮಾನದ ಗ್ಯಾರಂಟಿ’ ಅಂತಲೂ ಬರೆದಿದೆ. ಕೊಳ್ಳಬಹುದಾ? ಇನ್ನೊಂದು ಸಣ್ಣ ಪ್ರಶ್ನೆ. ನಮ್ಮ ಅಜ್ಜಿ 1950ರ ದಶಕದಲ್ಲಿ ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಓದುವಾಗ ಇಟ್ಟುಕೊಂಡಿದ್ದ ಆಟೋಗ್ರಾಫ್ ಪುಸ್ತಕ ಮನೆಯಲ್ಲಿದೆ. ಅದರಲ್ಲಿ ಕುವೆಂಪು ಅವರ ಸಹಿ ಇದೆ. ಅದಕ್ಕೂ ಸರ್ಟಿಫಿಕೇಟ್ ಮಾಡಿಸಬೇಕಾ?

ಉತ್ತರ: ಮೊದಲು ಒಂದು ಮಾತು. ಇವತ್ತು ದುಡ್ಡು ಕಳಿಸಬೇಡಿ. ಫೋಟೋದ ಆಸೆಯನ್ನಂತೂ ಪೂರ್ತಿ ಬಿಟ್ಟುಬಿಡಿ. ಹೆಬ್ಬಾರರ ಚಿತ್ರದ ವಿಷಯ ಬೇರೆ. ಅದನ್ನು ವಿಚಾರಿಸಬೇಕು, ಅದಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ.

ಬ್ರಾಡ್‌ಮನ್ ಫೋಟೋದ ಬಗ್ಗೆ ಇಷ್ಟು ಖಚಿತವಾಗಿ ಹೇಳುವುದಕ್ಕೆ ನಾನು ಅದರ ಸರ್ಟಿಫಿಕೇಟ್ ನೋಡಲೇ ಇಲ್ಲ. ನೀವು ಬರೆದ ಕಥೆಯೇ ಸಾಕಾಯಿತು. ಬ್ರಾಡ್‌ಮನ್ ಆಡಿದ್ದು 52 ಟೆಸ್ಟ್. ಎಲ್ಲವೂ ಆಸ್ಟ್ರೇಲಿಯಾ ಇಲ್ಲವೇ ಇಂಗ್ಲೆಂಡಿನಲ್ಲಿ. ಭಾರತದ ನೆಲದಲ್ಲಿ ಅವರು ಒಂದೂ ಟೆಸ್ಟ್ ಆಡಿಲ್ಲ. 1948ರ ಡಿಸೆಂಬರ್‌ನಲ್ಲಿ ಬೊಂಬಾಯಿಯಲ್ಲಿ ಟೆಸ್ಟ್ ನಡೆದದ್ದು ನಿಜ, ಆದರೆ ಬಂದಿದ್ದದ್ದು ವೆಸ್ಟ್ ಇಂಡೀಸ್ ತಂಡ. ಆ ತಿಂಗಳು ಬ್ರಾಡ್‌ಮನ್ ಮೆಲ್ಬರ್ನ್‌ನಲ್ಲಿ ತಮ್ಮ ಗೌರವಾರ್ಥ ನಡೆದ ಪಂದ್ಯ ಆಡುತ್ತಿದ್ದರು. ಅದೇ ಮಾರಾಟಗಾರರು ‘1947-48ರಲ್ಲಿ ಅಮರನಾಥ್ ನಾಯಕತ್ವದ ಭಾರತ ತಂಡ ಆಸ್ಟ್ರೇಲಿಯಾಕ್ಕೆ ಹೋದಾಗ ತಂದದ್ದು’ ಅಂದಿದ್ದರೆ ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಅದು ಆಗಬಹುದಾದ ಮಾತು. ಇದು ಆಗದ ಮಾತು.

ಎರಡನೆಯದು ಪೆನ್ನು. ದಪ್ಪ ಕಪ್ಪು ಮಾರ್ಕರ್ ಅಂದಿರಿ. ಈಗಿನ ಸಹಿಗಳಲ್ಲಿ ಎಲ್ಲ ಕಡೆ ಕಾಣುವ ಶಾರ್ಪಿ ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ನಾರಿನ ಮೊನೆಯ ಸ್ಕೆಚ್ ಪೆನ್ನು ಬಂದದ್ದೂ 1960ರ ದಶಕದಲ್ಲೇ. ಬಾಲ್ ಪೆನ್ನು ಕೂಡ ಅಮೆರಿಕದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದದ್ದು 1945ರ ಕೊನೆಯಲ್ಲಿ. 1948ರ ಸಹಿ ಅಂದರೆ ಸಾಮಾನ್ಯವಾಗಿ ಶಾಯಿ ಪೆನ್ನಿನದ್ದು. ಗೆರೆ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ ಇರುತ್ತದೆ. ಬ್ರಾಡ್‌ಮನ್ 2001ರವರೆಗೆ ಬದುಕಿದ್ದರು, ಆದ್ದರಿಂದ ಅವರ ಮಾರ್ಕರ್ ಸಹಿ ಇರಲೇಬಾರದು ಅಂತ ಹೇಳುತ್ತಿಲ್ಲ. ಆದರೆ ಈ ಮಾರ್ಕರಿಗೂ ಈ 1948ಕ್ಕೂ ಹೊಂದುವುದಿಲ್ಲ.

ಇನ್ನೊಂದು ವಿಷಯ ಗೊತ್ತಿರಲಿ. ಬ್ರಾಡ್‌ಮನ್ ಬಾಳಿನುದ್ದಕ್ಕೂ ಲೆಕ್ಕವಿಲ್ಲದಷ್ಟು ಸಹಿ ಹಾಕಿದವರು. ಅಭಿಮಾನಿಗಳ ಕಾಗದಕ್ಕೆ ಶ್ರದ್ಧೆಯಿಂದ ಉತ್ತರ ಬರೆಯುತ್ತಿದ್ದರು. ಅವರ ಅಸಲಿ ಸಹಿ ಅಪರೂಪದ ವಸ್ತುವೇನಲ್ಲ. ಸ್ವಲ್ಪ ಕಾದರೆ ಒಳ್ಳೆಯ ಮೂಲದಿಂದ ಸಿಗುತ್ತದೆ. ಅವಸರ ಯಾಕೆ?

ಈಗ ಸರ್ಟಿಫಿಕೇಟ್ ಅನ್ನುವ ಆ ಹಾಳೆಯ ವಿಷಯ. ನೀವು ಬ್ಯಾಂಕಿನವರು, ಆದ್ದರಿಂದ ನಿಮಗೆ ಪರಿಚಯದ ಉದಾಹರಣೆಯನ್ನೇ ಕೊಡುತ್ತೇನೆ. ಸೈಟ್ ಮೇಲೆ ಸಾಲ ಕೇಳಿಕೊಂಡು ಒಬ್ಬರು ಬಂದರು ಅನ್ನಿ. ‘ಈ ಸೈಟ್ ನನ್ನದೇ’ ಅಂತ ತಾವೇ ಟೈಪ್ ಮಾಡಿಸಿ, ತಾವೇ ಸೀಲು ಹೊಡೆದ ಕಾಗದ ಕೊಟ್ಟರೆ ಸಾಲ ಕೊಡುತ್ತೀರಾ? ಮೂಲಪತ್ರ ಕೇಳುತ್ತೀರಿ. ಇಸಿ ತೆಗೆಸುತ್ತೀರಿ. ಯಾರಿಂದ ಯಾರಿಗೆ, ಯಾವ ವರ್ಷ ಕೈ ಬದಲಾಯಿತು ಅಂತ ಕೊಂಡಿ ಕೊಂಡಿಯಾಗಿ ನೋಡುತ್ತೀರಿ. ನಡುವೆ ಒಂದು ಕೊಂಡಿ ಕಾಣದಿದ್ದರೆ ವಕೀಲರು ಫೈಲ್ ವಾಪಸ್ ಕಳಿಸುತ್ತಾರೆ. ಸಹಿಗೂ ಚಿತ್ರಕ್ಕೂ ಇದೇ ಲೆಕ್ಕ. ಸರ್ಟಿಫಿಕೇಟ್ ಅಂದರೆ ಒಬ್ಬ ಮನುಷ್ಯ ಕೊಟ್ಟ ಮಾತು, ಅಷ್ಟೇ. ಆ ಮನುಷ್ಯ ಯಾರು, ಯಾವ ಆಧಾರದ ಮೇಲೆ ಹೇಳಿದ, ಮಾತು ಸುಳ್ಳಾದರೆ ಅವನು ಏನು ಕಳೆದುಕೊಳ್ಳುತ್ತಾನೆ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಆ ಹಾಳೆಯ ಬೆಲೆ ಪ್ರಿಂಟಿಂಗ್ ಖರ್ಚಿನಷ್ಟೇ.

ಚಿನ್ನದ ಹಾಲ್‌ಮಾರ್ಕ್ ನೋಡಿ ನೋಡಿ ನಮಗೆಲ್ಲ ಒಂದು ನಂಬಿಕೆ ಬಂದಿದೆ. ಅಲ್ಲಿ ಪರೀಕ್ಷೆ ಮಾಡುವವರು ಬೇರೆ, ಮಾರುವವರು ಬೇರೆ. ಒಡವೆಯ ಮೇಲಿನ ಆರು ಅಕ್ಷರಗಳ ಗುರುತನ್ನು ಸರ್ಕಾರಿ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಹಿಂದೆ ಕಾನೂನು ಇದೆ. ಸಹಿಯ ಸರ್ಟಿಫಿಕೇಟಿಗೆ ನಮ್ಮ ದೇಶದಲ್ಲಿ ಅಂಥ ಕಾನೂನಿನ ಬಲ ಇಲ್ಲ. ಯಾರು ಬೇಕಾದರೂ ಇವತ್ತು ಒಂದು ಹೆಸರಿಟ್ಟು ನಾಳೆಯಿಂದ ಹಂಚಬಹುದು. ಹೊಳೆಯುವ ಸ್ಟಿಕರ್ ಕೂಡ ಸಾವಿರದ ಲೆಕ್ಕದಲ್ಲಿ ಮಾಡಿಸಿಕೊಳ್ಳಲು ಸಿಗುತ್ತದೆ.

ಇದು ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣ ಹೇಳಬೇಕು. 1990ರ ದಶಕದ ಕೊನೆಯಲ್ಲಿ ಅಲ್ಲಿನ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಅಂತ ರಹಸ್ಯ ತನಿಖೆ ನಡೆಸಿತು. ಕ್ಯಾಲಿಫೋರ್ನಿಯಾದಲ್ಲಿ ಒಂದು ಗುಂಪು ಆಟಗಾರರ, ನಟರ, ನಾಯಕರ ಸಹಿಗಳನ್ನು ರಾಶಿಗಟ್ಟಲೆ ಬರೆಯುತ್ತಿತ್ತು. 1999ರಲ್ಲಿ ದಾಳಿ ಆಯಿತು. ಸಿಕ್ಕಿದ ವಸ್ತುಗಳಲ್ಲಿ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಚೆಂಡುಗಳೂ ಇದ್ದವು. ಮದರ್ ತೆರೇಸಾ ಚೆಂಡಿನ ಮೇಲೆ ಯಾಕೆ ಸಹಿ ಹಾಕುತ್ತಾರೆ ಅಂತ ಯೋಚಿಸಿ. ಆದರೂ ಅಂಥವನ್ನು ಕೊಳ್ಳುವವರು ಇದ್ದರು. ಯಾಕೆಂದರೆ ಜೊತೆಗೆ ಸರ್ಟಿಫಿಕೇಟ್ ಇರುತ್ತಿತ್ತು. ನಕಲಿ ಸಹಿ ಮಾಡುವವರಿಗೂ ಸರ್ಟಿಫಿಕೇಟ್ ಬರೆಯುವವರಿಗೂ ನಂಟಿತ್ತು. ಸರ್ಟಿಫಿಕೇಟ್ ಅಲ್ಲಿ ಮೋಸವನ್ನು ತಡೆಯಲಿಲ್ಲ. ಮೋಸ ನಡೆದದ್ದೇ ಅದರಿಂದ.

ಹಾಗಾದರೆ ನಂಬುವಂಥ ಸರ್ಟಿಫಿಕೇಟೇ ಇಲ್ಲವಾ? ಇದೆ. ಎರಡು ಬಗೆ. ಒಂದು, ಸಹಿ ಹಾಕುವಾಗ ಪಕ್ಕದಲ್ಲಿ ನಿಂತು ನೋಡಿದವರು ಕೊಡುವುದು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2001ರಿಂದ ಈ ವ್ಯವಸ್ಥೆ ಇಟ್ಟುಕೊಂಡಿದೆ. ಅವರ ಕಡೆಯವರು ಎದುರಿಗೇ ಇದ್ದು ಸ್ಟಿಕರ್ ಅಂಟಿಸುತ್ತಾರೆ. ಇದು ಕಣ್ಣಾರೆ ಕಂಡ ಸಾಕ್ಷಿ. ಇನ್ನೊಂದು, ಆಮೇಲೆ ಸಹಿಯನ್ನು ಪರೀಕ್ಷಿಸಿ ‘ನಮ್ಮ ಅಭಿಪ್ರಾಯದಲ್ಲಿ ಇದು ಅಸಲಿ’ ಅನ್ನುವುದು. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಅನ್ನುವ ಅಮೆರಿಕದ ಪರೀಕ್ಷಾ ಕಂಪನಿಗಳ ಹೆಸರು ಕೇಳಿರಬಹುದು. ಅವು ಹಳೆಯ ವಸ್ತುಗಳಿಗೆ ಕೊಡುವುದು ಹೆಚ್ಚಾಗಿ ಈ ಎರಡನೆಯ ಬಗೆ. ಅನುಭವ ಇರುವವರ ಅಭಿಪ್ರಾಯಕ್ಕೆ ಬೆಲೆ ಇದೆ, ಆದರೆ ಅಭಿಪ್ರಾಯ ಅಭಿಪ್ರಾಯವೇ. ಅವರ ನಂಬರನ್ನು ಅವರದೇ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಸಹಿಯ ಚಿತ್ರ ಬಂದರೆ ನಿಮ್ಮ ಮುಂದಿರುವ ವಸ್ತುವಿಗೆ ಗೆರೆ ಗೆರೆ ಹೋಲಿಸಿ. ನಂಬರ್ ಸಿಕ್ಕಿತು ಅಂತ ಖುಷಿಪಟ್ಟು ನಿಲ್ಲಿಸಬೇಡಿ. ಅಸಲಿ ನಂಬರನ್ನು ಕದ್ದು ನಕಲಿ ಸ್ಟಿಕರ್ ಮೇಲೆ ಅಚ್ಚು ಹಾಕುವುದು ಹೊಸ ವಿದ್ಯೆಯೇನಲ್ಲ.

ನನ್ನ ಅನುಭವವನ್ನೂ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ವಿದೇಶಿ ನಾಯಕರೊಬ್ಬರ ಸಹಿ ಇರುವ ಪತ್ರ ಕೊಂಡೆ. ಮಾರಿದವರ ಸರ್ಟಿಫಿಕೇಟ್ ಇತ್ತು. ಶಾಯಿ ಅಸಲಿ, ಕಾಗದ ಅಸಲಿ, ಸಹಿಯ ಆಕಾರವೂ ಸರಿ. ಎರಡು ವರ್ಷ ಗೋಡೆಯ ಮೇಲಿತ್ತು. ಆಮೇಲೆ ಒಂದು ಹರಾಜಿನ ಕ್ಯಾಟಲಾಗಿನಲ್ಲಿ ಅವರದೇ ಇನ್ನೊಂದು ಪತ್ರದ ಚಿತ್ರ ನೋಡಿದೆ. ಸುಮ್ನೆ ಕುತೂಹಲಕ್ಕೆ ಟ್ರೇಸಿಂಗ್ ಹಾಳೆಯ ಮೇಲೆ ಒಂದನ್ನು ತೆಗೆದು ಇನ್ನೊಂದರ ಮೇಲಿಟ್ಟೆ. ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂತುಕೊಂಡಿತು. ಅದು ಆಟೋಪೆನ್. ಪೆನ್ನು ಹಿಡಿದು ಸಹಿ ಹಾಕುವ ಯಂತ್ರ. ಮನುಷ್ಯನ ಕೈ ಒಂದೇ ಸಹಿಯನ್ನು ಎರಡು ಸಲ ಅಚ್ಚಿನಂತೆ ಬರೆಯುವುದಿಲ್ಲ. ನೀವು ಬ್ಯಾಂಕಿನಲ್ಲಿ ದಿನಾ ಚೆಕ್ ನೋಡುತ್ತೀರಿ, ನಿಮಗೇ ಗೊತ್ತು. ಸ್ವಲ್ಪ ಬೇರೆ ಇದ್ದರೆ ಸಹಜ. ಪೂರ್ತಿ ಒಂದೇ ಆಗಿದ್ದರೆ ಅನುಮಾನ. ಆ ಪತ್ರದ ದುಡ್ಡು ವಾಪಸ್ ಬರಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಮಾರಿದವರ ವಿಳಾಸವೇ ಇರಲಿಲ್ಲ. ‘ಜೀವಮಾನದ ಗ್ಯಾರಂಟಿ’ ಅಂತ ಅದರಲ್ಲೂ ಬರೆದಿತ್ತು. ಯಾರ ಜೀವಮಾನ ಅಂತ ನಾನು ಕೇಳಿರಲಿಲ್ಲ.

ಅವತ್ತಿನಿಂದ ಕಾಗದ ಓದುವ ಮೊದಲು ವಸ್ತುವನ್ನೇ ನೋಡುವ ಅಭ್ಯಾಸ ಮಾಡಿಕೊಂಡೆ. ಅಕ್ಕಸಾಲಿಗರು ಕಣ್ಣಿಗೆ ಹಿಡಿದುಕೊಳ್ಳುವ ಹತ್ತು ಪಟ್ಟಿನ ಭೂತಕನ್ನಡಿ ತಗೊಳ್ಳಿ. ಸಹಿಯಲ್ಲಿ ಸಣ್ಣ ಸಣ್ಣ ಬಣ್ಣದ ಚುಕ್ಕಿ ಕಂಡರೆ ಅದು ಅಚ್ಚಾದದ್ದು. ರಬ್ಬರ್ ಸ್ಟಾಂಪ್ ಆದರೆ ಗೆರೆಯ ಅಂಚಿನಲ್ಲಿ ಶಾಯಿ ಒತ್ತರಿಸಿಕೊಂಡಿರುತ್ತದೆ. ಫೋಟೋವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಿಜವಾದ ಶಾಯಿ ಮೇಲೆ ಕೂತಿರುವುದು ಹೊಳಪಿನಲ್ಲೇ ಗೊತ್ತಾಗುತ್ತದೆ. ಸಹಿಯೂ ಹಿನ್ನೆಲೆಯೂ ಒಂದೇ ಹೊಳಪು ಕೊಟ್ಟರೆ ಸಹಿ ಫೋಟೋದ ಜೊತೆಗೇ ಅಚ್ಚಾಗಿದೆ. ನೋಡಿಕೊಂಡು ನಿಧಾನವಾಗಿ ಬರೆದ ಸಹಿಯಲ್ಲಿ ನಡುಕ ಇರುತ್ತದೆ, ಎತ್ತಬಾರದ ಜಾಗದಲ್ಲಿ ಪೆನ್ನು ಎತ್ತಿರುತ್ತಾರೆ. ನಾವು ಸಹಿ ಹಾಕುವಾಗ ಕೈ ಓಡುತ್ತದೆ, ಕೊನೆಯ ಗೆರೆ ಬಾಲದ ಹಾಗೆ ತೆಳ್ಳಗಾಗುತ್ತಾ ಹೋಗುತ್ತದೆ. ನಕಲಿಯ ಕೊನೆ ಹೆಚ್ಚಾಗಿ ಮೊಂಡು. ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ನಿಮ್ಮ ಬ್ಯಾಂಕಿನಲ್ಲೇ ಇದೆ. ಕಾಗದವನ್ನು ಬೆಳ್ಳಗೆ ಹೊಳೆಸುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರ ನಂತರ. 1930ರದ್ದು ಅಂತ ಹೇಳುವ ಕಾಗದ ಟಾರ್ಚಿನ ಕೆಳಗೆ ನೀಲಿ ಬಿಳುಪಾಗಿ ಬೆಳಗಿದರೆ ಮಾತು ಮುಗಿಯಿತು.

ತಂಡದ ಸಹಿಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ. ಒಬ್ಬನೇ ಆಟಗಾರನೋ ಸಿಬ್ಬಂದಿಯೋ ಉಳಿದವರ ಪರವಾಗಿ ಸಹಿ ಹಾಕಿಬಿಡುವುದು ಹಳೆಯ ರೂಢಿ. ಬ್ಯಾಟು ಅಸಲಿ, ತಂಡ ಅಸಲಿ, ಕೊಟ್ಟವರ ಮನಸ್ಸೂ ಶುದ್ಧ. ಸಹಿ ಮಾತ್ರ ಬೇರೆಯವರದ್ದು.

ಈಗ ಹೆಬ್ಬಾರರ ಚಿತ್ರಕ್ಕೆ ಬರೋಣ. ಇದರ ಬಗ್ಗೆ ನನಗೆ ಜಾಸ್ತಿ ಕಾಳಜಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈಯಲ್ಲಿ ಕಲಾವಿದರಾಗಿ ಬೆಳೆದು, 1996ರಲ್ಲಿ ತೀರಿಕೊಂಡವರು ಅವರು. ನಮ್ಮವರು. ಅವರ ರೇಖೆಯಲ್ಲಿ ಒಂದು ಲಯವಿದೆ. ನರ್ತಕಿಯ ಇಡೀ ಮೈ ಕೆಲವೇ ಗೆರೆಯಲ್ಲಿ ತಿರುಗಿಬಿಡುತ್ತದೆ. ನೋಡುವವರಿಗೆ ಸುಲಭ ಅನ್ನಿಸುತ್ತದೆ, ನಕಲು ಮಾಡುವವರಿಗೂ ಹಾಗೇ ಅನ್ನಿಸುತ್ತದೆ. ಎಣ್ಣೆ ಬಣ್ಣದ ಚಿತ್ರದಲ್ಲಿ ಬಣ್ಣ, ಬಟ್ಟೆ, ಚೌಕಟ್ಟು ಎಲ್ಲವೂ ಸಾಕ್ಷಿ ಹೇಳುತ್ತವೆ. ರೇಖಾಚಿತ್ರದಲ್ಲಿ ಇರುವುದು ಕಾಗದ, ಶಾಯಿ ಮತ್ತು ಕೈ. ಆದ್ದರಿಂದ ಕಣ್ಣು ಪಳಗಬೇಕು. ಅವರ ಅಸಲಿ ಕೃತಿಗಳನ್ನು ಸಂಗ್ರಹಾಲಯದಲ್ಲಿ ಎದುರು ನಿಂತು ನೋಡಿ. ಬೆಂಗಳೂರಿಗೆ ಬಂದಾಗ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ, ಚಿತ್ರಕಲಾ ಪರಿಷತ್ತಿನಲ್ಲಿ ಯಾವುದು ಪ್ರದರ್ಶನದಲ್ಲಿದೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಗೆರೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ವೇಗ ಹಿಡಿಯುತ್ತದೆ ಅಂತ ನೋಡಿ. ಒಂದು ದಿನ ಅಲ್ಲೇ ಕಳೆದರೂ ತಪ್ಪಿಲ್ಲ.

ಇನ್ನು ಆ ಚಿತ್ರದ ಸರ್ಟಿಫಿಕೇಟ್. ಸ್ಪಷ್ಟ ಫೋಟೋ ತರಿಸಿಕೊಂಡು ಓದಿ. ಅದರಲ್ಲಿ ಚಿತ್ರದ ಅಳತೆ, ಯಾವುದರ ಮೇಲೆ ಯಾವುದರಿಂದ ಬಿಡಿಸಿದ್ದು, ವರ್ಷ, ಚಿತ್ರದ ಫೋಟೋ ಇರಬೇಕು. ಅಭಿಪ್ರಾಯ ಕೊಟ್ಟ ಮನುಷ್ಯನ ಹೆಸರು, ವಿಳಾಸ, ದಿನಾಂಕ ಬೇಕು. ‘ನಮ್ಮ ಪರಿಣತರ ತಂಡ ಪರಿಶೀಲಿಸಿದೆ’ ಅಂದರೆ ಯಾರೂ ಪರಿಶೀಲಿಸಿಲ್ಲ ಅಂತಲೇ ಲೆಕ್ಕ. ಅಳತೆಯನ್ನು ಟೇಪಿನಿಂದ ಮಿಲಿಮೀಟರ್ ಬಿಡದೆ ತಾಳೆ ನೋಡಿ. ಒಂದು ಅಸಲಿ ಚಿತ್ರದ ಅಸಲಿ ಸರ್ಟಿಫಿಕೇಟನ್ನು ಇನ್ನೊಂದು ನಕಲಿಗೆ ಜೋಡಿಸುವುದೂ ಉಂಟು.

ಪದಗಳನ್ನು ಬಿಡಿಬಿಡಿಯಾಗಿ ಓದಿ. ‘ಹೆಬ್ಬಾರರದ್ದು’ ಅನ್ನುವುದು ಒಂದು ಮಾತು. ‘ಹೆಬ್ಬಾರರದ್ದೆಂದು ಹೇಳಲಾಗಿದೆ’, ‘ಹೆಬ್ಬಾರರ ಶೈಲಿಯದ್ದು’, ‘ಹೆಬ್ಬಾರ್ ಎಂಬ ಸಹಿ ಇದೆ’ ಇವೆಲ್ಲ ಬೇರೆಯೇ ಮಾತು. ಕೊನೆಯದಂತೂ ಜಾಣತನ. ಸಹಿ ಇದೆ ಅಂದರೇ ಹೊರತು ಯಾರು ಹಾಕಿದ್ದು ಅಂತ ಹೇಳಲೇ ಇಲ್ಲ, ಅಲ್ವಾ? ‘ಅಧಿಕೃತ ಮುದ್ರಣ’ ಅಂತ ಬರೆದಿದ್ದರೆ ಸರ್ಟಿಫಿಕೇಟ್ ಸತ್ಯವನ್ನೇ ಹೇಳುತ್ತಿದೆ, ಅದು ಪ್ರಿಂಟ್ ಅಂತ. ನಮ್ಮ ಮನೆಗಳ ರವಿವರ್ಮ ಪಟಗಳ ಹಾಗೆ. ಅವರ ಮುದ್ರಣಾಲಯ ಬೊಂಬಾಯಿಯಲ್ಲಿ 1894ರಲ್ಲಿ ಶುರುವಾಗಿ ಆಮೇಲೆ ಲೋನಾವಳ ಬಳಿಗೆ ಹೋಯಿತು. ಅಲ್ಲಿ ಕಲ್ಲಚ್ಚಿನಿಂದ ಬಂದ ಲಕ್ಷ್ಮಿ, ಸರಸ್ವತಿಯರಿಗೆ ವಾರ್ನಿಶ್ ಬಳಿದು, ಚೌಕಟ್ಟಿಗೆ ಅಂಚು ಕತ್ತರಿಸಿಬಿಟ್ಟರೆ ಪ್ರೆಸ್ಸಿನ ಹೆಸರೂ ಹೋಗುತ್ತದೆ. ಎಷ್ಟೋ ಜನ ‘ನಮ್ಮಲ್ಲಿ ರವಿವರ್ಮನ ಒರಿಜಿನಲ್ ಇದೆ’ ಅಂತ ನನ್ನನ್ನು ಮನೆಗೆ ಕರೆದಿದ್ದಾರೆ. ಭೂತಕನ್ನಡಿ ಇಟ್ಟರೆ ಚುಕ್ಕಿ ಚುಕ್ಕಿ. ಹೆಸರು ಹೀಗೆ ತಾನಾಗಿ ಅಂಟಿಕೊಳ್ಳುವುದೂ ಇದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹುಡುಗಿಯ ಚಿತ್ರ ನೋಡಿರುತ್ತೀರಿ. ಅದು ರವಿವರ್ಮನದ್ದು ಅಂತ ಈಗಲೂ ಹೇಳುವವರಿದ್ದಾರೆ. ಅದು ಎಸ್.ಎಲ್. ಹಲ್ದನ್‌ಕರ್ ಅವರ ಜಲವರ್ಣ ಚಿತ್ರ. ಅಲ್ಲಿ ಯಾರ ಮೋಸವೂ ಇಲ್ಲ. ಬಾಯಿಂದ ಬಾಯಿಗೆ ಬಂದ ತಪ್ಪು.

ಸಹಿ ಅಸಲಿ ಆದರೆ ಚಿತ್ರವೂ ಅಸಲಿ ಅಂತ ಲೆಕ್ಕ ಹಾಕಬೇಡಿ. 1974ರಲ್ಲಿ ಫ್ರಾನ್ಸಿನ ಕಸ್ಟಮ್ಸ್‌ನವರು ಒಂದು ಲಾರಿ ತಡೆದಾಗ ಅದರಲ್ಲಿ ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ ಸಹಿ ಹಾಕಿದ 40,000 ಖಾಲಿ ಹಾಳೆಗಳು ಸಿಕ್ಕವು. ಆಮೇಲೆ ಅಂಥ ಹಾಳೆಯ ಮೇಲೆ ಯಾರು ಏನು ಬೇಕಾದರೂ ಅಚ್ಚು ಹಾಕಬಹುದಿತ್ತು.

ಮುಖ್ಯವಾಗಿ ಕೇಳಬೇಕಾದದ್ದು ಚಿತ್ರದ ಮೂಲಪತ್ರ. ಹೆಬ್ಬಾರರಿಂದ ಮೊದಲು ಪಡೆದವರು ಯಾರು? ಗ್ಯಾಲರಿಯ ಬಿಲ್ ಇದೆಯಾ? ಯಾವುದಾದರೂ ಪ್ರದರ್ಶನದಲ್ಲಿ ಇತ್ತಾ? ಹಿಂಬದಿಯಲ್ಲಿ ಚೀಟಿ ಇದೆಯಾ? ಉತ್ತರ ಬಂದ ಮೇಲೆ ಅದನ್ನೂ ಹಾಗೇ ನಂಬಬೇಡಿ, ಹೊರಗಿನಿಂದ ತಾಳೆ ನೋಡಿ. ಇಂಗ್ಲೆಂಡಿನ ಜಾನ್ ಡ್ರೂ ಅನ್ನುವವನು ಮಾಡಿದ್ದು ಕೇಳಿದರೆ ಯಾಕೆ ಅಂತ ಗೊತ್ತಾಗುತ್ತದೆ. ಜಾನ್ ಮಯಾಟ್ ಅನ್ನುವ ಚಿತ್ರಕಾರ ಸುಮಾರು 200 ನಕಲಿ ಬಿಡಿಸಿದ. ಡ್ರೂ ಮಾರಿದ. ಆದರೆ ಡ್ರೂನ ನಿಜವಾದ ಕೆಲಸ ಬೇರೆ ಇತ್ತು. ಲಂಡನ್ನಿನ ಟೇಟ್ ಗ್ಯಾಲರಿಯಂಥ ದೊಡ್ಡ ಕಲಾ ಸಂಸ್ಥೆಗಳ ದಾಖಲೆ ಕೋಣೆಗೆ ಸಂಶೋಧಕನಂತೆ ಹೋಗಿ, ಹಳೆಯ ಕಡತಗಳ ನಡುವೆ ನಕಲಿ ದಾಖಲೆ ಸೇರಿಸಿಟ್ಟು ಬಂದ. ನಂತರ ಕೊಳ್ಳುವವರು ತಾವೇ ಹೋಗಿ ಹುಡುಕಿದರೆ ‘ಸಾಕ್ಷಿ’ ಸಿಗುತ್ತಿತ್ತು. 1999ರಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ಚಿತ್ರ ಸುಳ್ಳಾದರೆ ಒಂದು ಗೋಡೆ ಕೆಟ್ಟಿತು. ಕಡತ ಸುಳ್ಳಾದರೆ ಮುಂದೆ ಓದುವ ಎಲ್ಲರ ತಿಳಿವಳಿಕೆ ಕೆಡುತ್ತದೆ. ಅದು ನನಗೆ ತುಂಬಾ ನೋವು ಕೊಡುವ ಸಂಗತಿ.

ದೊಡ್ಡ ಹೆಸರಿನ ಅಂಗಡಿ ಅಂತಲೂ ಮೈಮರೆಯಬೇಡಿ. ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ 1846ರಲ್ಲಿ ಶುರುವಾದದ್ದು. ಒಬ್ಬ ಮಹಿಳೆ ಹೆಸರು ಹೇಳಲೊಲ್ಲದ ಸಂಗ್ರಹಕಾರರದ್ದು ಅಂತ ಹೇಳಿ ವರ್ಷಗಟ್ಟಲೆ ತಂದುಕೊಟ್ಟ ಚಿತ್ರಗಳನ್ನು ಅದು ಮಾರಿತು. ದಾಖಲೆ ಇರಲಿಲ್ಲ, ಕಥೆ ಮಾತ್ರ ಇತ್ತು. ಅವನ್ನು ಬಿಡಿಸುತ್ತಿದ್ದದ್ದು ಅದೇ ಊರಿನ ಕ್ವೀನ್ಸ್ ಭಾಗದಲ್ಲಿದ್ದ ಒಬ್ಬ ಚಿತ್ರಕಾರ. ಒಂದರಲ್ಲಿ ಅಮೆರಿಕದ ಹೆಸರಾಂತ ಚಿತ್ರಕಾರ ಪೊಲಾಕ್ ಅನ್ನುವವರ ಸಹಿಯ ಕಾಗುಣಿತವೇ ತಪ್ಪಿತ್ತು, ಇಂಗ್ಲಿಷಿನ ಒಂದು ಅಕ್ಷರ ಬಿಟ್ಟುಹೋಗಿತ್ತು. ಲಕ್ಷಗಟ್ಟಲೆ ಡಾಲರ್ ಕೊಟ್ಟವರ ಕಣ್ಣಿಗೂ ಅದು ಬೀಳಲಿಲ್ಲ. 2011ರಲ್ಲಿ ಗ್ಯಾಲರಿ ಬಾಗಿಲು ಹಾಕಿತು. ನಮ್ಮಲ್ಲೂ ಆಗಿದೆ. 2009ರಲ್ಲಿ ಎಸ್.ಎಚ್. ರಜಾ ದೆಹಲಿಯಲ್ಲಿ ತಮ್ಮದೇ ಕೃತಿಗಳ ಪ್ರದರ್ಶನಕ್ಕೆ ಹೋಗಿ ನೋಡಿದರೆ ಗೋಡೆಯ ಮೇಲೆ ನಕಲಿಗಳಿದ್ದವು. ಕಲಾವಿದರು ಬದುಕಿದ್ದರು, ಹೇಳಿದರು, ಪ್ರದರ್ಶನ ನಿಂತಿತು. ಹೆಬ್ಬಾರರು ಈಗಿಲ್ಲ. ಆದ್ದರಿಂದ ಅವರ ಕುಟುಂಬದವರು, ಅವರ ಕೃತಿಗಳನ್ನು ಹಲವು ವರ್ಷ ನೋಡಿದ ಸಂಗ್ರಹಾಲಯದವರು, ಅವರ ಚಿತ್ರಗಳನ್ನು ಮತ್ತೆ ಮತ್ತೆ ಮಾರಿದ ಹರಾಜು ಸಂಸ್ಥೆಗಳು, ಇವರ ಮಾತೇ ತೂಕದ್ದು. ಮಾರಾಟಗಾರರ ಸರ್ಟಿಫಿಕೇಟ್ ಅಲ್ಲ.

ಮಾರಾಟಗಾರರಿಗೆ ಹೀಗೆ ಬರೆಯಿರಿ: ‘ಚಿತ್ರದ ಹಿಂಬದಿ ಫೋಟೋ, ಮೊದಲ ಖರೀದಿಯ ಬಿಲ್ ಕಳಿಸಿ. ನನ್ನ ಕಡೆಯ ಪರಿಣತರಿಗೆ ಮೂಲ ಚಿತ್ರ ತೋರಿಸಲು ಮೂವತ್ತು ದಿನ ಕೊಡಿ. ಅಸಲಿ ಅಲ್ಲ ಅಂದರೆ ಪೂರ್ತಿ ಹಣ ವಾಪಸ್ ಅಂತ ಬಿಲ್‌ನಲ್ಲೇ ಬರೆದುಕೊಡಿ.’ ಪ್ರಾಮಾಣಿಕ ವ್ಯಾಪಾರಿ ಇದಕ್ಕೆ ಸಿಟ್ಟಾಗುವುದಿಲ್ಲ. ‘ಇನ್ನೊಬ್ಬರು ಕಾಯ್ತಾ ಇದ್ದಾರೆ, ಸಂಜೆಯೊಳಗೆ ಹೇಳಿ’ ಅಂದರೆ ಆ ಇನ್ನೊಬ್ಬರಿಗೇ ಬಿಟ್ಟುಬಿಡಿ. ಕೊಂಡರೆ ಬಿಲ್‌ನಲ್ಲಿ ‘ಕೆ.ಕೆ. ಹೆಬ್ಬಾರ್ ಅವರ ಮೂಲ ಕೃತಿ’ ಅಂತ ಇರಲಿ, ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ನಾಳೆ ಗ್ರಾಹಕರ ಆಯೋಗಕ್ಕೆ ಹೋಗಬೇಕಾದರೆ ಬೇಕಾಗುವುದು ಆ ಬಿಲ್. ದೂರಿಗೆ ಎರಡು ವರ್ಷದ ಗಡುವು ಇದೆ, ಅದು ನೆನಪಿರಲಿ.

ಕೊನೆಗೆ ಅಜ್ಜಿಯ ಪುಸ್ತಕ. ನಿಮ್ಮ ಕಾಗದದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ, ನೀವು ಅದನ್ನು ಸಣ್ಣ ಪ್ರಶ್ನೆ ಅಂದಿರಿ. ಅದಕ್ಕೆ ಯಾವ ಸರ್ಟಿಫಿಕೇಟೂ ಬೇಡ. 1950ರ ದಶಕದಲ್ಲಿ ಕುವೆಂಪು ಮೈಸೂರಿನಲ್ಲೇ ಇದ್ದರು. ಮಹಾರಾಜ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದರು, 1956ರಿಂದ ವಿಶ್ವವಿದ್ಯಾನಿಲಯದ ಕುಲಪತಿ. ಮಹಾರಾಣಿ ಕಾಲೇಜಿನ ಹುಡುಗಿಯೊಬ್ಬಳು ಅವರ ಸಹಿ ಪಡೆದಳು ಅನ್ನುವುದರಲ್ಲಿ ಎಲ್ಲೂ ಗಂಟಿಲ್ಲ. ಊರು ಸರಿ, ವರ್ಷ ಸರಿ, ಪುಸ್ತಕ ಒಂದೇ ಮನೆಯಲ್ಲಿ ಉಳಿದಿದೆ. ಜೊತೆಗೆ ಸಹಿ ಪಡೆದವರ ಹೆಸರೂ ಗೊತ್ತಿದೆ. ಇಷ್ಟು ಚೆಂದದ ಮೂಲಪತ್ರ ದೊಡ್ಡ ಹರಾಜಿನಲ್ಲೂ ಅಪರೂಪ.

ದಯವಿಟ್ಟು ಹಾಳೆ ಹರಿಯಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಬಿಸಿಲು ಬೀಳದ ಜಾಗದಲ್ಲಿ ಪುಸ್ತಕವನ್ನು ಇಡಿಯಾಗಿ ಇಡಿ. ಕುವೆಂಪು ಪುಟದಷ್ಟೇ ಪಕ್ಕದ ಗೆಳತಿಯರ, ಮೇಡಂಗಳ ಪುಟಗಳೂ ಮುಖ್ಯ. ಅವು ಇರುವುದರಿಂದಲೇ ಆ ಪುಸ್ತಕವನ್ನು ನಂಬಬಹುದು. ಅಜ್ಜಿ ಈಗಲೂ ಇದ್ದಾರಾ? ನೀವು ಬರೆದಿಲ್ಲ. ಇದ್ದರೆ ಈ ಭಾನುವಾರ ಪುಸ್ತಕ ಅವರ ತೊಡೆಯ ಮೇಲಿಟ್ಟು, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಒಂದೊಂದೇ ಪುಟ ತಿರುಗಿಸುತ್ತಾ ಕೇಳಿ. ಅವತ್ತು ಯಾವ ಸಭೆ ಇತ್ತು, ಜೊತೆಗೆ ಯಾರಿದ್ದರು, ಪೆನ್ನು ಯಾರದ್ದು. ಆಮೇಲೆ ಅದನ್ನು ಅವರ ಮಾತಿನಲ್ಲೇ ಬರೆದು, ಕೆಳಗೆ ದಿನಾಂಕ ಹಾಕಿ, ಅಜ್ಜಿಯ ಸಹಿ ಹಾಕಿಸಿ.